ಹೆಲ್ಮಿಯ ಅಣ್ಣ ಹಾಡಿದ ವರ್ಷ

ಕಳೆದ ಶನಿವಾರ ಸಿಡ್ನಿಯ ಗಿರಾವೀನ್‌ನ ಇಂಡಿಯನ್ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಆ ವಾಸನೆಗೆ ನನಗೆ ನೆನಪಾಗಬೇಕಾದದ್ದು ಗದಗಿನಲ್ಲಿ ಅವ್ವ ಮಾಡುತ್ತಿದ್ದ ಸಬ್ಬಸಗಿ ಪಲ್ಲೆ. ಆದರೆ ಕಣ್ಣ ಮುಂದೆ ಬಂದದ್ದು ಮೆಲ್ಬರ್ನಿನ ಪಶ್ಚಿಮದಲ್ಲಿರುವ ಸನ್‌ಶೈನ್ ಎಂಬ ಸಬರ್ಬಿನ ಒಂದು ಅಡುಗೆಮನೆ, ಬೇಯಿಸಿದ ಆಲೂಗಡ್ಡೆಯ ಮೇಲೆ ಬೆಣ್ಣೆ ಸವರಿ, ಈ ಸೊಪ್ಪನ್ನೇ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಉದುರಿಸುತ್ತಿದ್ದ ಹೆಲ್ಮಿ. ಕೌಂಟರಿನ ಹುಡುಗಿ "ಅಷ್ಟೇನಾ ಆಂಟಿ?" ಎಂದು ಎರಡು ಸಲ ಕೇಳಿದ ಮೇಲೆ ನಾನು ಎಚ್ಚೆತ್ತೆ.

ಅದು 2006ರ ಚಳಿಗಾಲ. ಮೆಲ್ಬರ್ನಿನಲ್ಲಿ ಮಳೆಯೇ ಇರಲಿಲ್ಲ. ಚಳಿ ಮಾತ್ರ ಎಲುಬಿಗೆ ಇಳಿಯುವಷ್ಟು. ಆಕಾಶ ದಿನವೂ ಬೂದಿ ಬಣ್ಣಕ್ಕೆ ತಿರುಗಿ, ಏನೋ ಕೊಡುವಂತೆ ಮಾಡಿ, ಸಂಜೆಯ ಹೊತ್ತಿಗೆ ಏನೂ ಕೊಡದೆ ಸರಿದುಹೋಗುತ್ತಿತ್ತು. ಕೈತೋಟಕ್ಕೆ ಪೈಪಿನಿಂದ ನೀರು ಬಿಡುವುದಕ್ಕೆ ಕಡಿವಾಣ. ಸ್ನಾನ ಮಾಡುವಾಗ ಕಾಲ ಬಳಿ ಬಕೆಟ್ ಇಟ್ಟುಕೊಂಡು, ಆ ನೀರನ್ನು ಗಿಡಗಳಿಗೆ ಹೊತ್ತುಕೊಂಡು ಹೋಗುವವರು ಬೀದಿ ತುಂಬ ಇದ್ದರು. ಬಯಲುಸೀಮೆಯಲ್ಲಿ ಬೆಳೆದ ನನಗೆ ಅದು ಹೊಸದೇನೂ ಅಲ್ಲ. ಬಕೆಟ್ ಹಿಡಿದ ಬಿಳಿಯರನ್ನು ನೋಡಿದಾಗ ಮಾತ್ರ ಈ ಊರು ಸ್ವಲ್ಪ ನಮ್ಮದಾಯಿತು ಅನ್ನಿಸುತ್ತಿತ್ತು.

ನಾನು ಆಗ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಗಂಡ ಮಂಜು ಮೈಸೂರಿನವರು. ಅವರಿಗೆ ಐಟಿ ಕೆಲಸ ಸಿಕ್ಕಿದ್ದು ಸಿಡ್ನಿಯಲ್ಲಿ. ಗಿರಾವೀನ್‌ನಲ್ಲಿ ನಾಲ್ಕು ಜನ ಕನ್ನಡದವರ ಜೊತೆ ಒಂದು ಮನೆಯನ್ನು ಶೇರ್ ಮಾಡಿಕೊಂಡು, ಪಿಆರ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಅರ್ಜಿ ಹಾಕಿ ಕಾಯುತ್ತಿದ್ದರು. ಆರು ವರ್ಷದ ಮಗಳು ಸಿರಿ ನನ್ನ ಜೊತೆ. ನಾವಿಬ್ಬರೂ ಹೆಲ್ಮಿಯ ಮನೆಯ ಹಿತ್ತಲಲ್ಲಿದ್ದ ಒಂದು ಕೋಣೆಯ ಚಿಕ್ಕ ಮನೆಯಲ್ಲಿ ಬಾಡಿಗೆಗಿದ್ದೆವು.

ಹೆಲ್ಮಿ ಎಸ್ಟೋನಿಯಾದವರು. ಬಾಲ್ಟಿಕ್ ಸಮುದ್ರದ ದಂಡೆಯ, ನಮ್ಮ ಒಂದೆರಡು ಜಿಲ್ಲೆಗಳಷ್ಟೂ ಜನರಿಲ್ಲದ ಪುಟ್ಟ ದೇಶ ಅದು. ಎರಡನೆಯ ಮಹಾಯುದ್ಧದ ಕೊನೆಗೆ ದೋಣಿಯಲ್ಲಿ ಓಡಿಬಂದು, ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ನಾಲ್ಕೈದು ವರ್ಷ ಕಳೆದು, ಹಡಗು ಹತ್ತಿ ಇಲ್ಲಿಗೆ ಬಂದವರು. ಆಗ ಎಪ್ಪತ್ತೇಳು ವಯಸ್ಸು. ಬೆನ್ನು ನೇರ, ನಡಿಗೆ ಚುರುಕು. ಎತ್ತರದ ಕೆನ್ನೆಯೆಲುಬು, ನಕ್ಕರೆ ಕಣ್ಣು ಎರಡು ಗೆರೆಗಳಾಗುತ್ತಿದ್ದವು. ಅವರ ಭಾಷೆಯಲ್ಲಿ 'ಜೆ' ಅಕ್ಷರ ಬರೆದರೆ 'ಯ' ಎಂದು ಓದುತ್ತಾರಂತೆ. ಹಾಗಾಗಿ ಗಿರಿಜಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಮೊದಲ ದಿನದಿಂದಲೇ ಗಿರಿಯಾ ಆಯಿತು. ನಾನು ತಿದ್ದಲಿಲ್ಲ.

ಸಿರಿ ಶಾಲೆ ಬಿಟ್ಟ ಮೇಲೆ ನಾನು ಲ್ಯಾಬಿನಿಂದ ಬರುವವರೆಗೆ ಅವರ ಅಡುಗೆಮನೆಯಲ್ಲಿರುತ್ತಿದ್ದಳು. ಜೂನ್ ಮುಗಿಯುವ ಹೊತ್ತಿಗೆ ಒಂದು ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಕೊಟ್ಟೆ, ಅವಳು ನನಗೆ ಅರ್ಥವಾಗದ ಏನನ್ನೋ ಹೇಳಿದಳು.

"ಏನಂದಿ?"

"ಥ್ಯಾಂಕ್ಸ್ ಅಂದೆ," ಎಂದಳು ಇಂಗ್ಲಿಷಿನಲ್ಲಿ. "ಹೆಲ್ಮಿ ಅಡುಗೆಮನೇಲಿ ಹಾಗೇ ಹೇಳಬೇಕು. ಇಲ್ಲಾಂದ್ರೆ ಆಲೂಗಡ್ಡೆ ಕೊಡಲ್ಲ."

ಸಿರಿ ನನ್ನ ಕನ್ನಡವೆಲ್ಲ ತಿಳಿದುಕೊಳ್ಳುತ್ತಿದ್ದಳು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಗೆ ಸೇರಿದ ಆರಂಭದಲ್ಲಿ ಟೀಚರೊಬ್ಬರು ಮನೆಯಲ್ಲೂ ಇಂಗ್ಲಿಷ್ ಬಳಸಿದರೆ ಬೇಗ ಹೊಂದಿಕೊಳ್ಳುತ್ತಾಳೆ ಎಂದಿದ್ದರಿಂದ ನಾವೂ ಅವಳ ಹಾದಿಗೆ ಬಿದ್ದಿದ್ದೆವು. ಈಗ ಅದೇ ಹುಡುಗಿ ಎಲ್ಲಿಯದೋ ಹತ್ತು ಲಕ್ಷ ಚಿಲ್ಲರೆ ಜನರ ಭಾಷೆಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಮಾರನೆಯ ದಿನ ಹೆಲ್ಮಿಯನ್ನು ಕೇಳಿಯೇಬಿಟ್ಟೆ.

"ಅವಳಿಗೆ ನೀವು ಹೇಗೆ ಕಲಿಸಿದಿರಿ?"

"ಕಲಿಸಲಿಲ್ಲ. ಈ ಅಡುಗೆಮನೆಯಲ್ಲಿ ನಾನು ಬೇರೆ ಭಾಷೆ ಆಡುವುದಿಲ್ಲ. ನಿನ್ನ ಹತ್ತಿರ ಆಡುತ್ತೇನೆ, ನೀನು ದೊಡ್ಡವಳು, ಹೆದರುತ್ತೀಯ. ಅವಳು ಹೆದರಲಿಲ್ಲ." ಆಮೇಲೆ ಅವರೇ ಕೇಳಿದರು: "ನೀನು ಅವಳ ಹತ್ತಿರ ಇಂಗ್ಲಿಷ್ ಯಾಕೆ ಮಾತಾಡುತ್ತೀಯ? ಅದನ್ನು ಕಲಿಸುವುದಕ್ಕೆ ಇಡೀ ದೇಶವೇ ಇದೆ."

ಅಂದಿನಿಂದ ನಾನು ಸಿರಿಯ ಜೊತೆ ಗದಗಿನ ಕನ್ನಡವನ್ನಷ್ಟೇ ಆಡತೊಡಗಿದೆ. ಅವಳ ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು, ನಾನು ಬಿಡಲಿಲ್ಲ. ವಾರಾಂತ್ಯಕ್ಕೆ ಬಂದ ಮಂಜು "ನಮ್ಮ ಮೈಸೂರು ಕನ್ನಡ ಸ್ವಲ್ಪ ಅವಳಿಗೆ ಬರ್ಲಿ ಕಣೇ, ಪೂರ್ತಿ ಧಾರವಾಡ ಕಡೆ ಮಾಡ್ಬಿಡ್ಬೇಡ" ಎಂದು ನಕ್ಕರು. "ಅರ್ಧ ಬಾಡಗಿ ನೀವು ಕೊಡ್ರಿ, ಅರ್ಧ ಭಾಷಾ ನಿಮ್ದು" ಎಂದೆ.

ನಮ್ಮ ಲ್ಯಾಬಿನ ಕೆಲಸ ಏನೆಂದು ಹೆಲ್ಮಿ ವಿಚಾರಿಸಿದ್ದು ಆ ದಿನಗಳಲ್ಲೇ. ಬೇರೆ ಬೇರೆ ನಾಡುಗಳಿಂದ ಇಲ್ಲಿಗೆ ಬಂದ ಗಂಡಸರ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ತೆಗೆದು, ತಂದೆಯಿಂದ ಮಗನಿಗೆ ಮಾತ್ರ ದಾಟುವ ವೈ ಕ್ರೋಮೋಸೋಮನ್ನು ನಾವು ಓದುತ್ತಿದ್ದೆವು. ಅದರಲ್ಲಿ ಯಾವ ಕಾಲದಲ್ಲೋ ಒಬ್ಬ ಪೂರ್ವಜನಲ್ಲಿ ಬದಲಾದ ಒಂದು ಅಕ್ಷರ, ಅವನ ಗಂಡು ಸಂತಾನದವರೆಲ್ಲರಲ್ಲೂ ಗುರುತಿನ ಹಾಗೆ ಉಳಿದುಬಿಡುತ್ತದೆ. ಅಂಥ ಒಂದು ಗುರುತು ಫಿನ್ಲೆಂಡ್, ಎಸ್ಟೋನಿಯಾಗಳ ಅನೇಕ ಗಂಡಸರಲ್ಲಿದೆ. ಅದೇ ಗುರುತು ಉರಾಲ್ ಪರ್ವತದ ಆಚೆ ಹಿಮಸಾರಂಗ ಮೇಯಿಸುವ ನೆನೆಟ್ಸ್ ಜನರಲ್ಲೂ, ಇನ್ನೂ ಪೂರ್ವಕ್ಕೆ ಸೈಬೀರಿಯಾದ ನಡುವಿನವರಲ್ಲೂ ಇದೆ. ಪಕ್ಕದ ಸ್ವೀಡನ್, ಜರ್ಮನಿಗಳಲ್ಲಿ ತೀರ ವಿರಳ. ಇದು ಆಗಲೇ ಎಲ್ಲರಿಗೂ ತಿಳಿದ ವಿಷಯ. ಹಳೆಯ ಸಮಾಧಿಗಳ ಮೂಳೆಗಳಿಂದ ಡಿಎನ್‌ಎ ಓದುವ ವಿದ್ಯೆ ಬೆಳೆದ ಮೇಲೆ, ಈಚಿನ ವರ್ಷಗಳಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ: ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸೈಬೀರಿಯಾದ ಪೂರ್ವದ ಕಾಡುಗಳಲ್ಲಿದ್ದ ಒಂದು ಜನ, ತಲೆಮಾರಿನಿಂದ ತಲೆಮಾರಿಗೆ ಪಶ್ಚಿಮಕ್ಕೆ ಸರಿಯುತ್ತ ಸರಿಯುತ್ತ ಬಾಲ್ಟಿಕ್ ದಂಡೆಯವರೆಗೂ ತಮ್ಮ ರಕ್ತದ ಎಳೆಯನ್ನು ಒಯ್ದಿದ್ದಾರೆ, ಉರಾಲಿಕ್ ಎಂದು ಕರೆಯುವ ಆ ಭಾಷೆಗಳೂ ಬಹುಶಃ ಅವರ ಜೊತೆಗೇ ನಡೆದುಬಂದಿವೆ.

ಹೆಲ್ಮಿಗೆ ಇದೇನೂ ಆಶ್ಚರ್ಯವಾಗಲಿಲ್ಲ. ಆಲೂಗಡ್ಡೆ ಸುಲಿಯುತ್ತಲೇ, "ನಮ್ಮಲ್ಲಿ ಮೀನಿಗೆ ಕಲ ಅಂತೀವಿ. ಹಂಗೇರಿಯವರು ಹಲ್ ಅಂತಾರೆ. ವೋಲ್ಗಾ ನದಿ ಕಡೆಯ ಮಾರಿ ಜನ ಕೋಲ್ ಅಂತಾರೆ. ನಿನ್ನ ನೆನೆಟ್ಸ್‌ನವರು ಹಾಲ್ಯ ಅಂತಾರೆ. ನಿಮ್ಮ ಯಂತ್ರ ಬರುವುದಕ್ಕೆ ಮೊದಲೇ ಮೀನು ಇದನ್ನು ಹೇಳಿತ್ತು" ಎಂದರು.

ನನಗೆ ರೋಮಾಂಚನವಾಯಿತು. ಕಕಾರ ಸವೆದು ಹಕಾರವಾಗುವುದು. ನಮ್ಮ ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದದ್ದು, ನಮ್ಮ ಕಿವಿ ತೆಲುಗರ ಬಾಯಲ್ಲಿ ಚೆವಿಯಾದದ್ದು ಹೀಗೆಯೇ ಅಲ್ಲವೇ ಎಂದು ಅವರಿಗೆ ಹೇಳಿದೆ. ಹೆಲ್ಮಿ ಚಾಕು ಕೆಳಗಿಟ್ಟು ಪಾಲು, ಹಾಲು, ಕಿವಿ, ಚೆವಿ ಎಂದು ನಾಲ್ಕನ್ನೂ ಹೇಳಿಸಿಕೊಂಡು, ನಾಲ್ಕನ್ನೂ ಸರಿಯಾಗಿ ಹೇಳಿದರು. ನನ್ನ ಭಾಷೆಯ ಬಗ್ಗೆ ಆ ದೇಶದಲ್ಲಿ ಒಬ್ಬರು ಅಷ್ಟು ಗೌರವದಿಂದ ಕುತೂಹಲ ತೋರಿಸಿದ್ದು ಅದೇ ಮೊದಲು. ಆ ಸಂಜೆ ಬಕೆಟ್ ಹೊತ್ತು ಹಿತ್ತಲಿಗೆ ಹೋದಾಗ ನನ್ನ ಎದೆ ತುಸು ಮುಂದಕ್ಕೇ ಬಂದಿತ್ತು.

"ನಿಮ್ಮ ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ? ಮಾದರಿ ಕೊಡಬಹುದು," ಎಂದು ಕೇಳಿದ್ದು ಇನ್ನೊಂದು ದಿನ.

"ಅಣ್ಣ ಇದ್ದಾನೆ. ಸಿಡ್ನಿಯಲ್ಲಿ. ಆರ್ವೊ. ಅಲ್ಲಿ ಅವನು ಆರ್ಥರ್." ಹೆಲ್ಮಿ ಒಲೆಯ ಕಡೆಗೆ ತಿರುಗಿದರು. "ಅವನು ಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೂತ್ಕೋ."

ತಾಯಿ ಶಿಬಿರದ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ತಂದೆ ಯುದ್ಧದಲ್ಲಿ ಕಾಣೆಯಾಗಿದ್ದರು. ಉಳಿದವರು ಅಣ್ಣ ತಂಗಿ ಇಬ್ಬರೇ. ಆಸ್ಟ್ರೇಲಿಯಾಕ್ಕೆ ಕೆಲಸಗಾರರನ್ನು ಆರಿಸಲು ಶಿಬಿರಕ್ಕೆ ಅಧಿಕಾರಿಗಳು ಬಂದರು. ಮೊದಲ ಹಡಗುಗಳಿಗೆ ಅವರು ಹುಡುಕುತ್ತಿದ್ದದ್ದು ಹೊಂಬಣ್ಣದ ಕೂದಲು, ನೀಲಿ ಕಣ್ಣು, ಗಟ್ಟಿ ಮೈಕಟ್ಟಿನ ತರುಣರನ್ನು. ಆರ್ವೊ ಎಲ್ಲದಕ್ಕೂ ಹೇಳಿ ಮಾಡಿಸಿದಂತಿದ್ದ. ಹೆಲ್ಮಿಯ ಮುಖದ ಮೇಲೆ ಒಬ್ಬ ಅಧಿಕಾರಿಯ ಕಣ್ಣು ನಿಂತಿತು.

"ಇವಳು ನಿನ್ನ ಸ್ವಂತ ತಂಗಿಯೇನು ಅಂತ ಕೇಳಿದ. ಮುಖ ಬೇರೆ ಥರ ಇದೆ, ಮಂಗೋಲರ ಥರ ಅಂದ. ಆರ್ವೊ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಅಂದ, ಇವಳ ತಂದೆ ಬೇರೆ."

ಆರ್ವೊ ಹಡಗು ಹತ್ತಿದ. ಹೆಲ್ಮಿ ಒಂದು ವರ್ಷಕ್ಕೂ ಹೆಚ್ಚು ಕಾಲ ಶಿಬಿರದಲ್ಲಿ ಒಬ್ಬಳೇ ಉಳಿದಳು. ನಿಯಮ ಸಡಿಲವಾದ ಮೇಲೆ ಇನ್ನೊಂದು ಹಡಗಿನಲ್ಲಿ ಬಂದಳು. ಅಣ್ಣ ಅವಳನ್ನು ಎದುರುಗೊಂಡ, ಕೆಲಸ ಕೊಡಿಸಿದ, ಮದುವೆಯಲ್ಲಿ ಮುಂದೆ ನಿಂತ. ಆ ಮಾತನ್ನು ಮಾತ್ರ ಇಬ್ಬರೂ ಎಂದೂ ಎತ್ತಲಿಲ್ಲ. ತಾವು ಬಾಲ್ಟಿಕ್ ದಂಡೆಯ ಸ್ವೀಡಿಷ್ ಮೂಲದವರು ಎಂದು ಆರ್ವೊ ಎಲ್ಲರಿಗೂ ಹೇಳಿಕೊಂಡ, ಆಸ್ಟ್ರೇಲಿಯನ್ ಹುಡುಗಿಯನ್ನು ಮದುವೆಯಾದ, ಮಕ್ಕಳಿಗೆ ಎಸ್ಟೋನಿಯನ್ ಭಾಷೆಯ ಒಂದು ಪದವನ್ನೂ ಕಲಿಸಲಿಲ್ಲ. ಡಿಸೆಂಬರಿನಲ್ಲಿ ಸಿಡ್ನಿಯ ಒಂದು ಸಭಾಂಗಣದಲ್ಲಿ ಎರಡೂ ಊರಿನ ಎಸ್ಟೋನಿಯನ್ನರು ಸೇರಿ ಹಾಡುವ ಕೂಟವಿತ್ತು. ಹೆಲ್ಮಿ ಮೆಲ್ಬರ್ನಿನ ಮುದುಕಿಯರ ಗುಂಪನ್ನು ಕಟ್ಟಿಕೊಂಡು ಹೋಗುವವರಿದ್ದರು. ಅಂಥ ಕೂಟಗಳಿಗೆ, ಅದೇ ಊರಿನಲ್ಲಿದ್ದೂ, ಆರ್ವೊ ಒಮ್ಮೆಯೂ ಬಂದವರಲ್ಲ.

"ಅವನು ನನ್ನ ಕ್ಷಮೆ ಕೇಳುವುದು ಬೇಡ ಗಿರಿಯಾ. ಅವನಿಗೆ ಒಳ್ಳೆಯ ಗಂಟಲಿದೆ. ಅವನು ಹಾಡಬೇಕು ಅಷ್ಟೇ."

ಆ ಭಾನುವಾರ ಹೆಲ್ಮಿ ಅಣ್ಣನಿಗೆ ಫೋನ್ ಮಾಡಿ ನಮ್ಮ ಲ್ಯಾಬಿನ ವಿಷಯ ಹೇಳಿದರು. ಎಸ್ಟೋನಿಯನ್ನಿನಲ್ಲಿ ಹೆಲ್ಮಿ, ಇಂಗ್ಲಿಷಿನಲ್ಲಿ ಆ ಕಡೆಯವರು. ಫೋನ್ ಇಟ್ಟ ಮೇಲೆ ಹೆಲ್ಮಿ ನಕ್ಕರು. "ಕೊಡ್ತಾನಂತೆ. ಸ್ವೀಡನ್ ಅಂತ ಬರುತ್ತೆ ಅಂತ ಅವನಿಗೆ ಖಾತ್ರಿ. ಹಾಗೆ ಬಂದರೆ ನಾನು ಸೈಬೀರಿಯಾದ ಮಾತು ಬಿಡಬೇಕು. ಇಲ್ಲದಿದ್ದರೆ ಅವನು ಡಿಸೆಂಬರಿಗೆ ಬರಬೇಕು."

ನನಗೆ ಒಳಗೊಳಗೇ ಆತಂಕವಾಯಿತು. ಎಸ್ಟೋನಿಯಾದ ಎಲ್ಲ ಗಂಡಸರಲ್ಲೂ ಆ ಗುರುತು ಇರುವುದಿಲ್ಲ. ಮೂವರಲ್ಲಿ ಒಬ್ಬರಲ್ಲಿ ಇದ್ದರೆ ಹೆಚ್ಚು. ಅದನ್ನು ಬಿಡಿಸಿ ಹೇಳಿದೆ. ಆ ಗುರುತಿಗೂ ಮುಖದ ಆಕಾರಕ್ಕೂ ಯಾವ ಸಂಬಂಧವೂ ಇಲ್ಲವೆಂದೂ ಹೇಳಿದೆ. ಸೈಬೀರಿಯಾದಿಂದ ಬಂದದ್ದು ಎಸ್ಟೋನಿಯನ್ನರ ಮೈಯಲ್ಲಿ ಒಂದು ಸಣ್ಣ ಪಾಲು, ಉಳಿದದ್ದೆಲ್ಲ ಅಕ್ಕಪಕ್ಕದವರದ್ದೇ. ಹಂಗೇರಿಯವರಲ್ಲಂತೂ ಆ ಗುರುತು ಹೆಚ್ಚುಕಡಿಮೆ ಅಳಿಸಿಯೇ ಹೋಗಿದೆ ಎಂದೆ.

ಹೆಲ್ಮಿ ಗಮನವಿಟ್ಟು ಕೇಳಿದರು. "ಅಂದರೆ ರಕ್ತ ಕರಗಿತು. ಭಾಷೆ ಕರಗಲಿಲ್ಲ."

"ಹೌದು."

"ಹಾಗಾದರೆ ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅಡುಗೆಮನೆಯಲ್ಲಿ ಹಟ ಹಿಡಿದಿದ್ದಾರೆ," ಎಂದರು. ನಾನು ಕಲಿತ ತಳಿವಿಜ್ಞಾನದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನವನ್ನು ಇಂದಿಗೂ ಓದಿಲ್ಲ.

ಆಗಸ್ಟಿನಲ್ಲಿ ಸಿಡ್ನಿಗೆ ಹೋದಾಗ ಮಂಜು ನನ್ನನ್ನು ಆರ್ವೊ ಅವರ ಮನೆಯಿದ್ದ ಕೆಲ್ಲಿವಿಲ್‌ಗೆ ಕರೆದೊಯ್ದರು. ಆಗಿನ್ನೂ ಅಲ್ಲಿ ಹೊಲಗಳನ್ನು ಒಂದೊಂದಾಗಿ ಸೈಟು ಮಾಡುತ್ತಿದ್ದ ಕಾಲ. ಇಟ್ಟಿಗೆಯ ಹೊಸ ಮನೆಗಳ ಸಾಲಿನ ನಡುವೆ ತಗಡಿನ ಉದ್ದನೆಯ ಕೋಳಿಗೂಡುಗಳಿದ್ದ ಒಂದು ಹಳೆಯ ಜಾಗ, ಕೋಳಿಗಳು ಇರಲಿಲ್ಲ. ದಾರಿಯುದ್ದಕ್ಕೂ ಮಂಜು ಗೊಣಗುತ್ತಿದ್ದರು: "ಬೇರೆಯವ್ರ ಫ್ಯಾಮಿಲಿ ಮ್ಯಾಟರ್‌ಗೆ ನೀನ್ಯಾಕೆ ಕೈ ಹಾಕ್ತೀಯ? ನಮ್ ಪಿಆರ್ ಇನ್ನೂ ಬಂದಿಲ್ಲ. ಆ ಮುದುಕಪ್ಪ ಕಂಪ್ಲೇಂಟ್ ಗಿಂಪ್ಲೇಂಟ್ ಮಾಡಿದ್ರೆ?"

"ಅವರಽ ಕೊಡ್ತೀನಿ ಅಂದಾರ. ನೀವು ಸುಮ್ನ ಗಾಡಿ ಹೊಡೀರಿ."

ಆರ್ವೊ ಬಾಗಿಲಲ್ಲೇ ನಿಂತಿದ್ದರು. ಎಂಬತ್ತೊಂದರ ಎತ್ತರದ ಮನುಷ್ಯ, ಬೆಳ್ಳಿಕೂದಲು, ತಿಳಿನೀಲಿ ಕಣ್ಣು. ಜೊತೆಗೆ ಐವತ್ತರ ಆಸುಪಾಸಿನ ಮಗ ಪೀಟರ್. ಆರ್ವೊ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿ, ಬಾಯಿ ತೆರೆದರು. ಕೆನ್ನೆಯೊಳಗೆ ಹತ್ತಿಕಡ್ಡಿ ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ಕೇಳಿದ್ದು ಒಂದೇ.

"ಉತ್ತರ ಮೊದಲು ಯಾರಿಗೆ ಹೇಳ್ತೀಯ?"

"ನಿಮಗೆ ಮಾತ್ರ. ಅದು ನಿಮ್ಮದು. ಹೆಲ್ಮಿಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು."

ಅವರು ತಲೆಯಾಡಿಸಿದರು. "ನ್ಯಾಯವಾಗಿದೆ."

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಮಧ್ಯಾಹ್ನ ಓದುವ ಯಂತ್ರದ ಪರದೆಯ ಮೇಲೆ ಆರ್ವೊ ಅವರ ಮಾದರಿಯ ಸಾಲು ಮೂಡಿತು. ನಮ್ಮ ಯಂತ್ರ ಡಿಎನ್‌ಎಯ ಅಕ್ಷರಗಳನ್ನು ಬಣ್ಣದ ಶಿಖರಗಳಾಗಿ ತೋರಿಸುತ್ತಿತ್ತು. ಟಿ ಕೆಂಪು, ಸಿ ನೀಲಿ. ಹೆಚ್ಚಿನವರಲ್ಲಿ ಕೆಂಪು ಇರುವ ಆ ಒಂದು ಜಾಗದಲ್ಲಿ ನೀಲಿ ಶಿಖರ ಎದ್ದು ನಿಂತಿತ್ತು. ನಂಬದೆ ಮತ್ತೊಮ್ಮೆ ಓದಿಸಿದೆ. ಮತ್ತೂ ನೀಲಿ. ಕಿಟಕಿಯಾಚೆ ಒಣಗಿದ ಹುಲ್ಲುಹಾಸು. ಸಾವಿರಾರು ವರ್ಷಗಳ ಹಿಂದೆ ಹಿಮದ ನಾಡಿನ ಯಾವನೋ ಬೇಟೆಗಾರನಲ್ಲಿ ಬದಲಾದ ಒಂದು ಅಕ್ಷರ, ಕೆಲ್ಲಿವಿಲ್‌ನ ಕೋಳಿಗೂಡಿನ ಪಕ್ಕದ ಮನೆಯವರೆಗೂ ಒಂದು ಕೈಯಿಂದ ಇನ್ನೊಂದು ಕೈಗೆ ಬಂದು ತಲುಪಿತ್ತು. ಅದನ್ನು ಗದಗಿನ ಹೆಣ್ಣುಮಗಳು ಓದುತ್ತಿದ್ದಳು. ಹೆಮ್ಮೆಯಾಯಿತು ಎಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ಆ ಸಂಜೆ ಹೆಲ್ಮಿಯ ಎದುರು ಕೂತು ಊಟ ಮಾಡುವುದು ಕಷ್ಟವಾಯಿತು. ಅವರು ಏನೂ ಕೇಳಲಿಲ್ಲ. ಮರುವಾರವೂ ಕೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿ ಸಿರಿಯ ಜೊತೆ ಹಾಡು ಗುನುಗುತ್ತಿದ್ದರು.

ಫೋನಿನಲ್ಲಿ ಹೇಳುವ ವಿಷಯವಲ್ಲ ಅದು. ಅಕ್ಟೋಬರಿನ ಕೊನೆಗೆ ಸಿಡ್ನಿಗೆ ಹೋದೆ. ಜಕರಂಡಾ ಮರಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಆರ್ವೊ ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿ, ಟೀ ಕೊಟ್ಟರು. ನಾನು ಬಳಸಿ ಹೇಳದೆ, ಗುರುತು ಇದೆ ಎಂದೆ. ಎಲ್ಲೆಲ್ಲಿಯವರಲ್ಲಿ ಆ ಗುರುತು ಇದೆ ಎಂದು ಒಂದೊಂದೇ ಹೆಸರು ಹೇಳಿದೆ: ಫಿನ್ಲೆಂಡಿನವರು, ವೋಲ್ಗಾ ದಂಡೆಯವರು, ಉರಾಲಿನ ಆಚೆಯವರು, ಸೈಬೀರಿಯಾದ ಲೇನಾ ನದಿಯವರು.

ಅವರು ಟೀ ಕಪ್ಪನ್ನು ಕೆಳಗಿಟ್ಟು ಹೊಸ ಮನೆಗಳ ಹೆಂಚುಗಳ ಕಡೆಗೆ ನೋಡಿದರು.

"ಹೆಲ್ಮಿಯಲ್ಲೂ ಇದೆಯಾ ಇದು?"

"ಇಲ್ಲ. ಹೆಂಗಸರಲ್ಲಿ ಈ ಕ್ರೋಮೋಸೋಮೇ ಇರುವುದಿಲ್ಲ. ಇರುವುದು ನಿಮ್ಮಲ್ಲಿ. ನಿಮ್ಮ ತಂದೆಯಿಂದ ನಿಮಗೆ ಬಂದದ್ದು. ಪೀಟರ್‌ಗೆ ನಿಮ್ಮಿಂದ ಹೋಗಿದೆ."

"ನಮ್ಮ ಅಪ್ಪನಿಂದ," ಎಂದರು ಅವರು. ಅದೇ ಮಾತನ್ನು ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡಿದರು. "ಅವರು ಮೀನು ಹಿಡಿಯುತ್ತಿದ್ದರು. ಹೆಲ್ಮಿ ಅಪ್ಪನ ಹಾಗೇ ನಗ್ತಾಳೆ. ಥೇಟು ಹಾಗೇ. ಅದು ನನಗೆ ಯಾವಾಗಲೂ ಗೊತ್ತಿತ್ತು."

ಹೊರಡುವಾಗ ಅವರು ಕಾರಿನವರೆಗೆ ಬಂದು, "ಅವಳಿಗೆ ನೀನು ಹೇಳಬೇಡ. ನಾನು ಹೇಳ್ತೇನೆ" ಎಂದರು. ನವೆಂಬರ್ ಇಡೀ ಕಳೆದರೂ ಅವರ ಫೋನ್ ಬರಲಿಲ್ಲ. ಬಿಸಿಲು ಏರಿತು. ಹೆಲ್ಮಿ ಬಕೆಟ್ ನೀರಿನಲ್ಲೇ ಸಬ್ಬಸಿಗೆಯ ಮಡಿಯನ್ನು ಉಳಿಸಿಕೊಂಡರು, ಗುಂಪಿನವರಿಂದ ಹಾಡು ಹೇಳಿಸಿದರು, ನನ್ನನ್ನು ಏನೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಮಂಜು ಬಂದು ನಮ್ಮೆಲ್ಲರನ್ನೂ ಕಾರಿನಲ್ಲಿ ಸಿಡ್ನಿಗೆ ಕರೆದೊಯ್ದರು. ದಾರಿಯ ಎರಡೂ ಬದಿಗೆ ಹುಲ್ಲುಗಾವಲು ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಕೆರೆಗಳ ತಳ ಬಿರುಕು ಬಿಟ್ಟಿತ್ತು. ಕುರಿಗಳು ಒಂದೇ ಮರದ ನೆರಳಿನಲ್ಲಿ ಒತ್ತಿ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಹೆಲ್ಮಿ ಮತ್ತು ಸಿರಿ ದಾರಿಯುದ್ದಕ್ಕೂ ಹಾಡಿದರು. ಮಂಜು ಕನ್ನಡಿಯಲ್ಲಿ ಮಗಳನ್ನು ನೋಡಿ, "ಇವ್ಳು ನಮ್ಮವ್ಳೇ ತಾನೆ?" ಎಂದರು. ಅವರ ದನಿಯಲ್ಲಿ ಗೊಣಗಾಟವಿರಲಿಲ್ಲ.

ಸಭಾಂಗಣದಲ್ಲಿ ನೂರೈವತ್ತು ಜನರಿದ್ದಿರಬಹುದು. ಹೆಚ್ಚಿನವರು ಬೆಳ್ಳಿಕೂದಲಿನವರು. ಕೆಲವು ಹೆಂಗಸರು ಪಟ್ಟೆ ಪಟ್ಟೆಯ ಉಣ್ಣೆಯ ಲಂಗ ತೊಟ್ಟು, ಆ ಸೆಕೆಯಲ್ಲೂ ನೆಟ್ಟಗೆ ನಿಂತಿದ್ದರು. ಹೆಲ್ಮಿಯ ಕೇಳಿಕೆಯಂತೆ ನಾನು ಉರಾಲಿಕ್ ಜನರ ಹಳೆಯ ದಾರಿಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಸೀರೆ ಉಟ್ಟುಕೊಂಡು ಹೋಗಿದ್ದೆ. ಹಿಮಸಾರಂಗದ ನಾಡಿನಿಂದ ಬಾಲ್ಟಿಕ್‌ವರೆಗಿನ ನಡಿಗೆಯನ್ನು ನಮಗೆ ಆಗ ತಿಳಿದಿದ್ದಷ್ಟು ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಕೊನೆಗೆ ಹೆಲ್ಮಿಯ ಮಾತನ್ನೇ, ಅವರದೆಂದು ಹೇಳಿ, ಹೇಳಿದೆ: ರಕ್ತ ಕರಗಿತು, ಭಾಷೆ ಕರಗಲಿಲ್ಲ, ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅಡುಗೆಮನೆಯಲ್ಲಿ ಹಟ ಹಿಡಿದಿದ್ದಾರೆ. ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನ ಬಾಗಿಲ ಬಳಿ ಒಬ್ಬರು ಎದ್ದು ನಿಂತಿರುವುದು ಕಾಣಿಸಿತು. ಆರ್ವೊ. ಪಕ್ಕದಲ್ಲಿ ಕಾರಿನ ಕೀಲಿ ಹಿಡಿದ ಪೀಟರ್.

ಆರ್ವೊ ಕುರ್ಚಿಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದು ಮುಂದೆ ಬಂದರು. ಹಾಡಲು ಸಾಲಾಗಿ ನಿಂತಿದ್ದ ಗುಂಪಿನಲ್ಲಿ ಹೆಲ್ಮಿಯ ಎದುರು ನಿಂತರು. ನಂತರ ಸಭೆಯ ಕಡೆಗೆ ತಿರುಗಿ ಮಾತಾಡತೊಡಗಿದರು. ಇಂಗ್ಲಿಷಲ್ಲ. ಪದಕ್ಕಾಗಿ ತಡಕಾಡಿದರು, ಒಂದು ಕಡೆ ಪೂರಾ ನಿಂತರು, ಮತ್ತೆ ಹಿಡಿದರು. ಅರವತ್ತು ವರ್ಷ ಬಳಸದ ಭಾಷೆ. ಹೆಲ್ಮಿಯ ಕೈ ಬಾಯಿಯ ಮೇಲೆ ಹೋಯಿತು.

ನನಗೆ ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಸಿರಿಯ ಕಿವಿಗೆ ಬಾಗಿ ಕೇಳಿದೆ:

"ಏನಂದ್ರವ್ವ ಅವರು?"

ಸಿರಿ ಕಣ್ಣು ತೆಗೆಯದೆ ಅವರನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು:

"ನನ್ನ ಹೆಸರು ಆರ್ವೊ ಅಂತ. ಇಕಿ ನನ್ನ ತಂಗಿ ಅಂತ. ನಮ್ಮಿಬ್ಬರಿಗೂ ಅಪ್ಪ ಒಬ್ಬಾಂವ, ಅವ್ವ ಒಬ್ಬಾಕಿ ಅಂತ."

ಅವರ ಭಾಷೆಯಿಂದ ನೇರ ನಮ್ಮ ಭಾಷೆಗೆ, ನಡುವೆ ಇಂಗ್ಲಿಷಿನ ಮೆಟ್ಟಿಲನ್ನು ತುಳಿಯದೆ, ಗದಗಿನ ನಮ್ಮ ಅವ್ವ ಆಡುವ ಥರದಲ್ಲೇ. ನಾನು ಇನ್ನೊಂದು ಪಕ್ಕದಲ್ಲಿದ್ದ ಮಂಜುವಿನ ಕೈ ಹಿಡಿದುಕೊಂಡೆ. ಅವರೂ ಕೇಳಿಸಿಕೊಂಡಿದ್ದರು. ಕೈಯನ್ನು ಗಟ್ಟಿಯಾಗಿ ಒತ್ತಿದರು.

ಹೆಲ್ಮಿ ಅಳಲಿಲ್ಲ. ಅಣ್ಣನ ತೋಳು ಹಿಡಿದು ಗಂಡಸರ ಸಾಲಿನಲ್ಲಿ ತುದಿಗೆ ನಿಲ್ಲಿಸಿದರು, ಅಂಗಿಯ ಕಾಲರ್ ಸರಿಮಾಡಿದರು. ಹಾಡು ಶುರುವಾಯಿತು. ಆರ್ವೊ ಮೊದಲ ಚರಣದಲ್ಲಿ ಬರಿದೆ ತುಟಿಯಾಡಿಸಿದರು. ಎರಡನೆಯ ಚರಣದ ಹೊತ್ತಿಗೆ, ಎಲ್ಲ ದನಿಗಳ ಅಡಿಯಿಂದ ಹೊಸದೊಂದು ದನಿ ಎದ್ದು ಬಂತು. ತುಸು ಒಡೆದ, ಆದರೆ ಆಳವಾದ ದನಿ. ಪಲ್ಲವಿ ಬಂದಾಗಲೆಲ್ಲ ಅದು ಇನ್ನಷ್ಟು ತುಂಬಿಕೊಂಡಿತು. ಮುಂದಿನ ಸಾಲಿನ ಮುದುಕಿಯರು ತಿರುಗಿ ನೋಡಬಾರದೆಂದು ಕತ್ತು ಬಿಗಿಹಿಡಿದಿದ್ದರು. ಹೆಲ್ಮಿ ಹೇಳಿದ್ದು ಸುಳ್ಳಲ್ಲ, ಒಳ್ಳೆಯ ಗಂಟಲು.

ಆಮೇಲೆ ಎಲ್ಲರೂ ಕಪ್ಪು ರೊಟ್ಟಿ, ಉಪ್ಪು ಮೀನು, ಆಲೂಗಡ್ಡೆಯ ತಟ್ಟೆ ಹಿಡಿದು ಗುಂಪು ಗುಂಪಾಗಿ ನಿಂತಿದ್ದರು. ಅಣ್ಣ ತಂಗಿ ಒಂದು ಮೂಲೆಯಲ್ಲಿ ಕೂತು ಯಾವುದೋ ಪದಕ್ಕೆ ಜಗಳವಾಡುತ್ತಿದ್ದರು. ಅದನ್ನು ಊರ ಕಡೆ ಹೇಗೆ ಹೇಳುತ್ತಿದ್ದರು ಎಂಬುದಿರಬೇಕು. ಪೀಟರ್ ನಮ್ಮ ಬಳಿ ಬಂದ. ಗೋಡೆಗೆ ಒರಗಿ ನಿಂತು, ಅಪ್ಪನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದ.

"ಅವರು ಏನು ಹೇಳಿದರು ಅಂತ ಇಲ್ಲಿ ಎಲ್ಲರಿಗೂ ಗೊತ್ತು, ನನಗೆ ಬಿಟ್ಟು," ಎಂದ ನನ್ನ ಕಡೆಗೆ ತಿರುಗಿ. ನಾನು ಸಿರಿಯನ್ನು ಮುಂದೆ ಬಿಟ್ಟೆ. ಅವಳು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಪದವೂ ಬಿಡದೆ. ಪೀಟರ್ ಅವಳ ಎತ್ತರಕ್ಕೆ ಮೊಣಕಾಲೂರಿ ಕೂತ.

"ನನಗೆ ಐವತ್ತೆರಡು ವರ್ಷ," ಎಂದ. "ಈ ಭಾಷೆ ಕಲಿಯೋಕೆ ನಿನಗೆ ಎಷ್ಟು ಕಾಲ ಬೇಕಾಯ್ತು?"

ಸಿರಿ ತುಂಬಾ ಯೋಚಿಸಿದಳು. ಬಾಯಲ್ಲಿದ್ದ ಆಲೂಗಡ್ಡೆ ನುಂಗಿದಳು.

"ಗೊತ್ತಿಲ್ಲ," ಎಂದಳು. "ನಾನು ಸುಮ್ಮನೆ ಊಟ ಮಾಡ್ತಾ ಇದ್ದೆ."